ಕಲ್ಲಿಗೆ ಪಾಸ್‌ವರ್ಡ್ ಯಾಕೆ ಸ್ವಾಮಿ?

ಬಳ್ಳಾರಿಯಿಂದ ಚಳ್ಳಕೆರೆ ಕಡೆ ಬರುವಾಗ ರಾಂಪುರ ಸಿಗುತ್ತೆ. ಅದರ ಆಸುಪಾಸಿನ ಊರು ದೇವಸಮುದ್ರ. ಮೊಳಕಾಲ್ಮುರು ತಾಲ್ಲೂಕಿನ ಹೋಬಳಿ. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಗುಳೆ. ನಾವು ಟಿವಿಯವರು ಆ ಕಡೆ ಕ್ಯಾಮೆರಾ ತಗೊಂಡು ಹೋಗೋದು ಎರಡೇ ಸಲ. ಬರ ಬಿದ್ದಾಗ, ಇಲ್ಲಾ ಎಲೆಕ್ಷನ್ ಬಂದಾಗ. ಇವತ್ತು ಈ ಎರಡೂ ಅಲ್ಲದ ಒಂದು ವಿಷಯಕ್ಕೆ ಅಲ್ಲಿಂದಲೇ ಶುರು ಮಾಡ್ತೀನಿ. ಮ್ಯೂಸಿಯಂಗಳ ಸೈಬರ್ ಭದ್ರತೆ.

ನಗಬೇಡಿ. ಕುಡಿಯೋ ನೀರಿಗೇ ಪರದಾಡುವ ಕಡೆ ಇದೆಂಥಾ ಮಾತು ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ.

ಇದೇ ತಾಲ್ಲೂಕಿನಲ್ಲಿ ಮೂರು ಜಾಗಗಳಿವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರರಲ್ಲೂ ಸಾಮ್ರಾಟ್ ಅಶೋಕನ ಬಂಡೆ ಶಾಸನ. 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆ ಹಚ್ಚಿ ಲೋಕಕ್ಕೆ ತಿಳಿಸಿದ್ದು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ಕಳಿಸಿದವರು ಯಾರು ಅಂತ ಇದೆ. ಯಾರಿಗೆ ಅಂತ ಇದೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ ಅಂತ. ತಾನು ಲಿಪಿಕಾರ ಅನ್ನೋ ಪದವನ್ನು ಮಾತ್ರ ಅವನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎರಡು ಸಾವಿರ ವರ್ಷ ದಾಟಿದರೂ ಆ ಸಹಿಯನ್ನು ಯಾರೂ ಫೋರ್ಜರಿ ಮಾಡೋಕೆ ಆಗಿಲ್ಲ.

ಇನ್ನೊಂದು ಸ್ವಾರಸ್ಯ ನೋಡಿ. ಒಂದೇ ಆಜ್ಞೆಯನ್ನು ಮೂರು ಕಡೆ ಕೆತ್ತಿಸಿದ್ದಾರೆ. ಜಟಿಂಗ ರಾಮೇಶ್ವರದ ಬಂಡೆಯ ಅಕ್ಷರಗಳು ಬಹಳ ಸವೆದುಹೋಗಿವೆ. ಆದರೂ ವಿದ್ವಾಂಸರು ಅಲ್ಲಿ ಏನಿತ್ತು ಅಂತ ಹೇಳಬಲ್ಲರು. ಹೇಗೆ? ಬ್ರಹ್ಮಗಿರಿಯ ಪ್ರತಿ ಪಕ್ಕದಲ್ಲಿಟ್ಟು ಓದಿದರು, ಅಷ್ಟೇ. ಇವತ್ತು ಕಂಪ್ಯೂಟರ್ ಹುಡುಗರು ಬ್ಯಾಕಪ್ ಅಂತಾರಲ್ಲ, ಅದು ಇದೇ.

ಸರಿ, ಕಲ್ಲನ್ನ ಯಾರೂ ಹ್ಯಾಕ್ ಮಾಡಲ್ಲ. ಹಾಗಾದ್ರೆ ಭಯ ಯಾವುದರದ್ದು?

ಬ್ರಹ್ಮಗಿರಿಯಲ್ಲಿ ಮೈಸೂರಿನ ಎಂ.ಎಚ್. ಕೃಷ್ಣ ಅವರು 1940ರ ದಶಕದಲ್ಲಿ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಕಲ್ಲಿನ ಕೊಡಲಿಯ ಜನ, ಅವರ ಮೇಲಿನ ಪದರದಲ್ಲಿ ಬೃಹತ್ ಶಿಲಾ ಗೋರಿಗಳ ಜನ, ಅದರ ಮೇಲೆ ಸಾತವಾಹನರ ಕಾಲ ಅಂತ ಪದರ ಪದರವಾಗಿ ಜೋಡಿಸಿ ತೋರಿಸಿದರು. ದಕ್ಷಿಣ ಭಾರತದ ಪ್ರಾಚೀನ ಇತಿಹಾಸಕ್ಕೆ ಒಂದು ಅಳತೆಗೋಲು ಸಿಕ್ಕಿದ್ದೇ ಅಲ್ಲಿ. ಆದರೆ ಒಂದು ಮಾತು. ಮಡಕೆ ಚೂರಿಗೆ ತನ್ನಷ್ಟಕ್ಕೆ ಯಾವ ಬೆಲೆಯೂ ಇಲ್ಲ. ಯಾವ ಗುಂಡಿ, ಎಷ್ಟು ಅಡಿ ಆಳ, ಯಾವ ಪದರ ಅನ್ನೋ ಚೀಟಿ ಅದರ ಜೊತೆ ಇದ್ದರೆ ಅದು ಇತಿಹಾಸ. ಚೀಟಿ ಕಳೆದರೆ ಬರೀ ಹೆಂಚಿನ ಚೂರು.

ಆ ಚೀಟಿಗಳು ಮೊದಲು ದಪ್ಪ ರಿಜಿಸ್ಟರ್‌ನಲ್ಲಿದ್ದವು. ಈಗ ಕಂಪ್ಯೂಟರ್‌ಗೆ ಹೋಗ್ತಿವೆ. ಕೇಂದ್ರದ ಮ್ಯೂಸಿಯಂಗಳಿಗೆ ಪುಣೆಯ ಸಿ-ಡ್ಯಾಕ್ ಮಾಡಿಕೊಟ್ಟ 'ಜತನ್' ಅನ್ನೋ ತಂತ್ರಾಂಶವೇ ಇದೆ. ಒಳ್ಳೇದೇ. ಆದರೆ ಕಂಪ್ಯೂಟರ್‌ಗೆ ಹೋದ ಮೇಲೆ ಅದನ್ನು ಕಾಯೋರು ಯಾರು? ಬಾಗಿಲಲ್ಲಿ ಕೋಲು ಹಿಡಿದು ನಿಂತ ಕಾವಲುಗಾರನಿಗೆ ಅದು ಕಾಣಿಸಲ್ಲ.

ದಾಖಲೆ ಹೋದರೆ ಏನು ಹೋಗುತ್ತೆ ಅಂತ ಗೊತ್ತಾಗಬೇಕಾದರೆ ಪಕ್ಕದ ತಮಿಳುನಾಡಿನ ಶ್ರೀಪುರಂತಾನ್ ಊರಿನ ಕತೆ ಕೇಳಿ. ಅಲ್ಲಿಯ ದೇವಸ್ಥಾನದ ನಟರಾಜ ಕಳುವಾದ. 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಅದೇ ನಟರಾಜನಿಗೆ 56 ಲಕ್ಷ ಡಾಲರ್ ಕೊಟ್ಟಿತು. ಕಾಗದಪತ್ರ ಎಲ್ಲಾ 'ಸರಿಯಾಗಿಯೇ' ಇತ್ತು, ಕಳ್ಳ ವ್ಯಾಪಾರಿ ಮಾಡಿಸಿಕೊಟ್ಟಿದ್ದ. ಸುಳ್ಳು ಬಯಲಾಗಿದ್ದು ಹೇಗೆ? ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನವರು ಎಷ್ಟೋ ವರ್ಷ ಮೊದಲು ತೆಗೆದಿಟ್ಟ ಫೋಟೊ ಇತ್ತು. 2014ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ ಪ್ರಧಾನಿಯೇ ವಿಗ್ರಹ ತಂದು ಕೊಟ್ಟರು. ಆ ಫೋಟೊ ಇರದಿದ್ದರೆ? ಅಥವಾ ಯಾರೋ ಅದನ್ನು ಅಳಿಸಿಬಿಟ್ಟಿದ್ದರೆ? ನಟರಾಜ ಇವತ್ತಿಗೂ ಕ್ಯಾನ್‌ಬೆರಾದ ಗಾಜಿನ ಪೆಟ್ಟಿಗೆಯಲ್ಲೇ ಇರುತ್ತಿದ್ದ. ಅದಕ್ಕೇ ಹೇಳೋದು, ದಾಖಲೆ ಅಂದರೆ ಆಸ್ತಿಯ ಪಹಣಿ ಇದ್ದ ಹಾಗೆ. ಪಹಣಿ ತಿದ್ದಿದರೆ ಜಮೀನು ಯಾರ ಪಾಲಾಗುತ್ತೆ ಅಂತ ನಮ್ಮ ರೈತರಿಗೆ ನಾನು ಹೇಳಿಕೊಡಬೇಕಾ?

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ವಿಚಾರದಲ್ಲಿ ಎರಡು ಪದಗಳನ್ನು ಎಲ್ಲರೂ ಕಲಸಿಬಿಡ್ತಾರೆ. ಒಂದು ಭದ್ರತೆ. ಇನ್ನೊಂದು ಕಂಪ್ಲಯನ್ಸ್, ಅಂದರೆ ನಿಯಮಪಾಲನೆ. ಬೈಕ್ ಸವಾರನ ಹೆಲ್ಮೆಟ್ ನೆನಪು ಮಾಡಿಕೊಳ್ಳಿ. ಸರ್ಕಲ್‌ನಲ್ಲಿ ಪೊಲೀಸ್ ಕಂಡಾಗ ಅರ್ಧ ಹೆಲ್ಮೆಟ್ ತಲೆಗೆ ಕವುಚಿಕೊಳ್ಳೋದು ನಿಯಮಪಾಲನೆ. ಫುಲ್ ಹೆಲ್ಮೆಟ್ ಹಾಕಿ, ಬಕಲ್ ಬಿಗಿದು, ಪೊಲೀಸ್ ಇಲ್ಲದ ರಸ್ತೆಯಲ್ಲೂ ಹೋಗೋದು ಭದ್ರತೆ. ಮೊದಲನೆಯದು ದಂಡ ತಪ್ಪಿಸುತ್ತೆ. ಎರಡನೆಯದು ತಲೆ ಉಳಿಸುತ್ತೆ.

ದೊಡ್ಡವರ ಮನೆಯಲ್ಲಿ ಇದು ಹೇಗೆ ಕೈಕೊಟ್ಟಿತು ನೋಡಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿ 1973ರವರೆಗೆ ಬ್ರಿಟಿಷ್ ಮ್ಯೂಸಿಯಂನ ಭಾಗವೇ ಆಗಿತ್ತು. 2023ರ ಅಕ್ಟೋಬರ್‌ನಲ್ಲಿ ರೈಸಿಡಾ ಅನ್ನೋ ಹ್ಯಾಕರ್ ಗುಂಪು ಅದರೊಳಗೆ ನುಗ್ಗಿತು. 20 ಬಿಟ್‌ಕಾಯಿನ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 6 ಲಕ್ಷ ಪೌಂಡ್ ಕೇಳಿತು. ಲೈಬ್ರರಿ ಕೊಡಲಿಲ್ಲ. ಸುಮಾರು 600 ಜಿಬಿ ಮಾಹಿತಿ ಬೀದಿಗೆ ಬಿತ್ತು. ಓದುಗರು ಪುಸ್ತಕ ಹುಡುಕುವ ಕ್ಯಾಟಲಾಗ್ ಆನ್‌ಲೈನ್‌ಗೆ ವಾಪಸ್ ಬಂದಿದ್ದು 2024ರ ಜನವರಿ ನಡುವಿಗೆ.

ಆ ಸಂಸ್ಥೆ ಒಂದು ಒಳ್ಳೆ ಕೆಲಸ ಮಾಡಿತು. ಮುಚ್ಚಿಡಲಿಲ್ಲ. 2024ರ ಮಾರ್ಚ್‌ನಲ್ಲಿ ತನ್ನ ತಪ್ಪುಗಳ ವರದಿಯನ್ನು ತಾನೇ ಬಿಡುಗಡೆ ಮಾಡಿತು. ಅದರಲ್ಲಿ ಏನಿದೆ? 2019ರಲ್ಲಿ ಅವರಿಗೆ ಸೈಬರ್ ಭದ್ರತೆಯ ಪ್ರಮಾಣಪತ್ರ ಸಿಕ್ಕಿತ್ತು. 2022ರಲ್ಲಿ ಮಾನದಂಡ ಬಿಗಿಯಾಯಿತು, ಹಳೇ ಸಿಸ್ಟಂಗಳು ಅದಕ್ಕೆ ಹೊಂದಲಿಲ್ಲ, ಪ್ರಮಾಣಪತ್ರ ಕೈಬಿಟ್ಟುಹೋಯಿತು. ಹೊರಗಿನ ಗುತ್ತಿಗೆದಾರರು ದೂರದಿಂದಲೇ ಕೆಲಸ ಮಾಡಲಿ ಅಂತ 2020ರಲ್ಲಿ ಒಂದು ಸರ್ವರ್ ಇಟ್ಟಿದ್ದರು. ಬೇರೆ ಕಡೆ ಪಾಸ್‌ವರ್ಡ್ ಜೊತೆ ಇನ್ನೊಂದು ಖಾತ್ರಿ ಹಂತ ಇತ್ತು. ನಾವು ಬ್ಯಾಂಕಿಗೆ ಒಟಿಪಿ ಹಾಕ್ತೀವಲ್ಲ, ಆ ಥರ. ಈ ಒಂದು ಬಾಗಿಲಿಗೆ ಅದು ಇರಲಿಲ್ಲ. ಕಳ್ಳ ಬಹುಶಃ ಬಂದಿದ್ದು ಅದೇ ಬಾಗಿಲಿಂದ. ಇನ್ನೂ ದೊಡ್ಡ ಪಾಠ ಇದೆ. ಡಿಜಿಟಲ್ ಸಂಗ್ರಹದ ಪ್ರತಿಗಳು ಸುರಕ್ಷಿತವಾಗಿಯೇ ಇದ್ದವು. ಆದರೆ ಅವನ್ನು ವಾಪಸ್ ತುಂಬೋಕೆ ಗಟ್ಟಿ ಯಂತ್ರವ್ಯವಸ್ಥೆಯೇ ಉಳಿದಿರಲಿಲ್ಲ. ಕಣಜದಲ್ಲಿ ಬೀಜ ಇದೆ, ಬಿತ್ತೋಕೆ ಹೊಲ ಇಲ್ಲ.

ಎರಡನೇ ಉದಾಹರಣೆ ಪ್ಯಾರಿಸ್ಸಿನ ಲೂವ್ರ್. 2025ರ ಅಕ್ಟೋಬರ್ 19, ಹಾಡಹಗಲು. ಸಾಮಾನು ಏರಿಸುವ ಏಣಿ ಲಾರಿ ತಂದು, ಬಾಲ್ಕನಿ ಹತ್ತಿ, 8.8 ಕೋಟಿ ಯೂರೋ ಬೆಲೆಯ ರಾಜಮನೆತನದ ಒಡವೆ ಹೊತ್ತೊಯ್ದರು. ಆ ಗೋಡೆಯ ಹೊರಗಿದ್ದ ಕ್ಯಾಮೆರಾ ಬೇರೆ ದಿಕ್ಕಿಗೆ ಮುಖ ಮಾಡಿತ್ತು. ಆಮೇಲೆ ಫ್ರೆಂಚ್ ಪತ್ರಿಕೆಗಳು ಹಳೇ ಆಡಿಟ್ ಕಾಗದ ಹೊರಗೆ ತೆಗೆದವು. 2014ರಲ್ಲೇ ಅಲ್ಲಿಯ ಸರ್ಕಾರಿ ಸೈಬರ್ ಸಂಸ್ಥೆ ಪರೀಕ್ಷೆ ಮಾಡಿತ್ತು. ಸಿಸಿ ಕ್ಯಾಮೆರಾ ಸರ್ವರ್‌ನ ಪಾಸ್‌ವರ್ಡ್ ಏನಿತ್ತು ಗೊತ್ತಾ? 'ಲೂವ್ರ್'! ಪಾಸ್‌ವರ್ಡ್‌ನಿಂದಲೇ ಕಳ್ಳತನ ಆಯ್ತು ಅಂತ ಯಾರೂ ಹೇಳಿಲ್ಲ, ನಾನೂ ಹೇಳಲ್ಲ. ಆದರೆ ಆಡಿಟ್ ಆಗಿತ್ತು, ವರದಿ ಬಂದಿತ್ತು, ಫೈಲ್ ಇತ್ತು. ಆಡಿಟ್ ಮಾಡಿಸಿದ ಮನೆ ಭದ್ರವಾದ ಮನೆ ಅಂತ ಅರ್ಥ ಅಲ್ಲ.

ಮೂರನೆಯದು ಬ್ರಿಟಿಷ್ ಮ್ಯೂಸಿಯಂ. 2023ರಲ್ಲಿ ಸುಮಾರು 2000 ವಸ್ತುಗಳು ಕಾಣೆಯಾಗಿವೆ, ಕಳುವಾಗಿವೆ ಇಲ್ಲವೇ ಹಾಳಾಗಿವೆ ಅಂತ ಒಪ್ಪಿಕೊಂಡರು. ನಿರ್ದೇಶಕರು ರಾಜೀನಾಮೆ ಕೊಟ್ಟರು. ಇಲ್ಲಿ ಹ್ಯಾಕರ್ ಇಲ್ಲ, ಏಣಿ ಇಲ್ಲ. ಹೋದ ವಸ್ತುಗಳಲ್ಲಿ ಎಷ್ಟೋ ಪಟ್ಟಿಗೇ ಸೇರಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಕಳೆದರೆ ಕಳೆದಿದೆ ಅಂತ ಗೊತ್ತಾಗೋದಾದರೂ ಹೇಗೆ? ಐದು ವರ್ಷದಲ್ಲಿ ಇಡೀ ಸಂಗ್ರಹದ ಡಿಜಿಟಲ್ ಪಟ್ಟಿ ಮುಗಿಸ್ತೀವಿ ಅಂತ ಆಮೇಲೆ ಘೋಷಿಸಿದರು. 2025ರ ಜನವರಿಯಲ್ಲಿ ಅದೇ ಮ್ಯೂಸಿಯಂಗೆ ಕೆಲಸದಿಂದ ತೆಗೆದ ಐಟಿ ಗುತ್ತಿಗೆ ನೌಕರನೊಬ್ಬ ನುಗ್ಗಿ ಕೆಲವು ಸಿಸ್ಟಂ ಬಂದ್ ಮಾಡಿದ. ಒಂದಷ್ಟು ಗ್ಯಾಲರಿಗಳ ಬಾಗಿಲು ಹಾಕಬೇಕಾಯಿತು.

ನಮ್ಮ ಸ್ಥಿತಿ? ಕಾನೂನಿಗೆ ನಮ್ಮಲ್ಲಿ ಬರ ಇಲ್ಲ. 1972ರ ಪುರಾತನ ವಸ್ತು ಮತ್ತು ಕಲಾಸಂಪತ್ತು ಕಾಯ್ದೆ ಇದೆ. ನಿಮ್ಮ ಮನೆಯಲ್ಲಿ ನೂರು ವರ್ಷ ಹಳೇ ಕಂಚಿನ ವಿಗ್ರಹ ಇದ್ದರೆ ನೋಂದಣಿ ಮಾಡಿಸಬೇಕು, ಫೋಟೊ ಸಮೇತ. ಆದರೆ ಅದೇ ಕಾಯ್ದೆಯ 18ನೇ ಸೆಕ್ಷನ್ ಓದಿ. ಸರ್ಕಾರದ ಮ್ಯೂಸಿಯಂ, ಕಚೇರಿ, ಪತ್ರಾಗಾರ, ಶಿಕ್ಷಣ ಸಂಸ್ಥೆಗಳಲ್ಲಿ ಇರುವ ವಸ್ತುಗಳಿಗೆ ಈ ನೋಂದಣಿ ಬೇಕಿಲ್ಲ. ಅಂದರೆ ಅಲ್ಲಿ ಉಳಿಯೋದು ಆ ಮ್ಯೂಸಿಯಂನ ಸ್ವಂತ ರಿಜಿಸ್ಟರ್ ಒಂದೇ. ಅದು ಹೋದರೆ ಕೇಳೋಕೆ ಎರಡನೇ ಪುಸ್ತಕ ಇರಬೇಕು ಅಂತ ಈ ಕಾಯ್ದೆ ಒತ್ತಾಯ ಮಾಡಲ್ಲ.

ಸೈಬರ್ ದಾಳಿ ಆದರೆ ಆರು ಗಂಟೆಯೊಳಗೆ ತಿಳಿಸಬೇಕು, ಕಂಪ್ಯೂಟರ್ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು ಅಂತ ಕೇಂದ್ರದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶ ಮಾಡಿದೆ. ಸರ್ಕಾರಿ ಸಂಸ್ಥೆಗಳಿಗೂ ಅನ್ವಯ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳು ಜಾರಿಗೆ ಬರೋಕೆ 18 ತಿಂಗಳ ಕಾಲಾವಕಾಶ. ಭದ್ರತೆಯಲ್ಲಿ ಲೋಪ ಮಾಡಿದರೆ 250 ಕೋಟಿ ರೂಪಾಯಿವರೆಗೆ ದಂಡ. ಟಿಕೆಟ್ ತಗೊಂಡವರ ಫೋನ್ ನಂಬರ್, ದಾನಿಗಳ ವಿಳಾಸ ಎಲ್ಲಾ ಇದರೊಳಗೆ ಬರುತ್ತೆ. ಗಮನಿಸಿ, ಈ ಕಾಯ್ದೆ ಕಾಯೋದು ವ್ಯಕ್ತಿಯ ಮಾಹಿತಿಯನ್ನ. ವಿಗ್ರಹದ ಮಾಹಿತಿಯನ್ನ ಅಲ್ಲ. ನಿಮ್ಮ ಫೋನ್ ನಂಬರ್ ಸೋರಿದರೆ ದಂಡ ಇದೆ. ಇಂಥ ಮೂರ್ತಿ ಇಂಥ ಕೋಣೆಯ ಇಂಥ ಕಪಾಟಿನಲ್ಲಿದೆ ಅನ್ನೋದು ಸೋರಿದರೆ ಈ ಕಾಯ್ದೆಗೆ ಅದು ಲೆಕ್ಕಕ್ಕೇ ಇಲ್ಲ.

ಇನ್ನು ಪಟ್ಟಿಯ ಮಾತು. 2013ರಲ್ಲಿ ಸಿಎಜಿಯವರು ಕೇಂದ್ರ ರಕ್ಷಿತ ಸ್ಮಾರಕಗಳಲ್ಲಿ 1655ನ್ನು ಸ್ಥಳಕ್ಕೇ ಹೋಗಿ ನೋಡಿದರು. 92 ಸಿಗಲಿಲ್ಲ. ಕಾಗದದಲ್ಲಿ ಇವೆ, ನೆಲದ ಮೇಲೆ ಇಲ್ಲ! ಆಮೇಲೆ ಹುಡುಕಿ ಹಲವನ್ನು ಪತ್ತೆ ಮಾಡಿದರು, ಕೆಲವು ಜಲಾಶಯದಲ್ಲಿ ಮುಳುಗಿವೆ, ಕೆಲವನ್ನು ನಗರ ನುಂಗಿದೆ ಅಂದರು. 24ರ ಸುಳಿವೇ ಇಲ್ಲ ಅಂತ ಕೇಂದ್ರವೇ ಸಂಸತ್ತಿಗೆ ಹೇಳಿತು. ಕಟ್ಟಡಕ್ಕೇ ಈ ಗತಿ ಆದರೆ ಬೆರಳುದ್ದದ ನಾಣ್ಯಕ್ಕೆ, ಮಣಿಗೆ?

ಹಾಗಂತ ಕೋಟಿಗಟ್ಟಲೆ ಖರ್ಚಿನ ಮಾತು ನಾನು ಆಡ್ತಿಲ್ಲ. ಚಿತ್ರದುರ್ಗದಂಥ ಜಿಲ್ಲಾ ಮ್ಯೂಸಿಯಂ ಇರಲಿ, ಊರಿನ ಮಠದ ಹಸ್ತಪ್ರತಿ ಭಂಡಾರ ಇರಲಿ, ಮಾಡಬಹುದಾದ್ದು ಇಷ್ಟು. ಪ್ರತಿ ವಸ್ತುವಿಗೆ ಒಂದು ನಂಬರ್, ಫೋಟೊ, ಅಳತೆ, ಯಾವುದರಿಂದ ಮಾಡಿದ್ದು, ಎಲ್ಲಿ ಒಡೆದಿದೆ, ಎಲ್ಲಿ ಗೀರಿದೆ ಅನ್ನೋ ಗುರುತು. ಆಬ್ಜೆಕ್ಟ್ ಐಡಿ ಅಂತ 1997ರಿಂದಲೇ ಇದಕ್ಕೊಂದು ಜಾಗತಿಕ ನಮೂನೆ ಇದೆ, ಒಂದು ಹಾಳೆಯಲ್ಲಿ ಮುಗಿಯುತ್ತೆ. ಆ ದಾಖಲೆಗೆ ಮೂರು ಪ್ರತಿ, ಎರಡು ಬೇರೆ ಬೇರೆ ರೂಪದಲ್ಲಿ, ಒಂದು ಬೇರೆ ಊರಿನಲ್ಲಿ. ವರ್ಷಕ್ಕೊಮ್ಮೆ ಆ ಪ್ರತಿಯಿಂದ ನಿಜವಾಗಿಯೂ ವಾಪಸ್ ತುಂಬಿ ನೋಡಬೇಕು, ಬ್ರಿಟಿಷ್ ಲೈಬ್ರರಿ ಕಲಿತ ಪಾಠ ಅದು. ಆಫೀಸಿಗೆಲ್ಲಾ ಒಂದೇ ಲಾಗಿನ್ ಬೇಡ. ವರ್ಗ ಆದವರ, ಬಿಟ್ಟು ಹೋದವರ ಲಾಗಿನ್ ಅವತ್ತೇ ಬಂದ್ ಆಗಬೇಕು. ಕ್ಯಾಮೆರಾ ಕಂಪನಿಯವರು ಕೊಟ್ಟ ಪಾಸ್‌ವರ್ಡ್ ಹಾಗೇ ಇಟ್ಟುಕೊಳ್ಳಬಾರದು. ವೆಬ್‌ಸೈಟ್‌ನಲ್ಲಿ ವಸ್ತು ತೋರಿಸಿ, ಇಟ್ಟ ಕೋಣೆ ತೋರಿಸಬೇಡಿ.

ಹೊರಗಿನ ಕಂಪನಿಗೆ ಕೆಲಸ ಕೊಟ್ಟರೂ ಹೊಣೆ ನಮ್ಮದೇ ಅನ್ನೋದನ್ನ ಮರೀಬಾರದು. 2023ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಗ್ಯಾಲರಿ ಸಿಸ್ಟಮ್ಸ್ ಅನ್ನೋ ಒಂದೇ ಕಂಪನಿಯ ಮೇಲೆ ದಾಳಿ ಆಯಿತು. ಬಾಸ್ಟನ್ ಲಲಿತಕಲಾ ಮ್ಯೂಸಿಯಂ ಸೇರಿ ಎಷ್ಟೋ ಸಂಸ್ಥೆಗಳ ಆನ್‌ಲೈನ್ ಸಂಗ್ರಹ ಒಟ್ಟಿಗೇ ಕಣ್ಣು ಮುಚ್ಚಿತು. ಎಲ್ಲರ ಕೀಲಿಕೈ ಒಂದೇ ಮೊಳೆಗೆ ನೇತುಹಾಕಿದ ಫಲ.

ಚಳ್ಳಕೆರೆ ಪಕ್ಕದಲ್ಲಿ ಡಿಆರ್‌ಡಿಒ 2017ರಲ್ಲಿ ವಿಮಾನ ಪರೀಕ್ಷಾ ಕೇಂದ್ರ ತೆರೆದಿದೆ. ಉದ್ದಾನುದ್ದ ಬೇಲಿ, ಬಂದೂಕು ಹಿಡಿದ ಕಾವಲು. ಇರಲಿ, ದೇಶಕ್ಕೆ ಬೇಕು. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಹೋದರೆ ದೇಶದ ಅತಿ ಹಳೆಯ ಸರ್ಕಾರಿ ಆಜ್ಞೆಗಳಲ್ಲಿ ಒಂದು ಬಂಡೆಯ ಮೇಲಿದೆ. ಇಸಿಲದ ಅಧಿಕಾರಿಗಳು ಆಜ್ಞೆ ಬಂತು ಅಂತ ಫೈಲಿಗೆ ಹಾಕಿ ಸುಮ್ಮನಾಗಲಿಲ್ಲ. ಹಾಗೆ ಮಾಡಿದ್ದರೆ ಅದು ನಿಯಮಪಾಲನೆ ಆಗುತ್ತಿತ್ತು, ನಮಗೆ ಇವತ್ತು ಏನೂ ಉಳಿಯುತ್ತಿರಲಿಲ್ಲ. ಮೂರು ಕಡೆ ಕಲ್ಲಿನಲ್ಲಿ ನಿಂತಿದೆ, ಬರೆದವನ ಹೆಸರೂ ಇದೆ.

ದೇವಸಮುದ್ರದ ಕಡೆಯವರಿಗೆ ಕೊನೆಯದಾಗಿ ಒಂದು ಮಾತು. ನಿಮ್ಮೂರ ಗುಡಿಯ ಉತ್ಸವಮೂರ್ತಿ, ಊರ ಬಾಗಿಲ ವೀರಗಲ್ಲು, ಇವುಗಳ ಫೋಟೊ ಯಾರದೋ ಮೊಬೈಲ್‌ನ ವಾಟ್ಸಾಪ್‌ನಲ್ಲಿ ಇದ್ದರೆ ಅದು ದಾಖಲೆ ಅಲ್ಲ. ಮುಂದೆಯಿಂದ, ಹಿಂದೆಯಿಂದ, ಅಳತೆಪಟ್ಟಿ ಪಕ್ಕದಲ್ಲಿಟ್ಟು ತೆಗೆಯಿರಿ. ಒಂದು ಪ್ರತಿ ಪಂಚಾಯ್ತಿಯಲ್ಲಿ, ಒಂದು ಶಾಲೆಯಲ್ಲಿ, ಒಂದು ಜಿಲ್ಲಾ ಮ್ಯೂಸಿಯಂನಲ್ಲಿ ಇರಲಿ. ತೆಗೆದವರ ಹೆಸರು, ತಾರೀಕು ಬರೆಯಿರಿ. ಚಪಡ ಬರೆದಿದ್ದನಲ್ಲ, ಹಾಗೆ.