ಕೀಬೋರ್ಡ್ ವಾದ್ಯದಲ್ಲಿ ಕಂಠಧ್ವನಿಯನ್ನು ಹದಗೊಳಿಸುವ ಕ್ರಮ

ಈಗಿನ ಕೆಲವು ವಿದ್ಯುತ್ ಕೀಬೋರ್ಡುಗಳಿಗೆ ಮೈಕನ್ನು ಜೋಡಿಸಿ, ನುಡಿಸುತ್ತಲೇ ಹಾಡಬಹುದಾಗಿರುವದು. ಆದರೆ ಗುಂಡಿಗಳನ್ನು ಮನಬಂದಂತೆ ತಿರುಗಿಸಿದರೆ ಮೆಲುದನಿಯ ಹುಡುಗಿಯ ಹಾಡು ವಾದ್ಯದ ಸದ್ದಿನಲ್ಲಿ ಮುಳುಗಿಹೋಗುವದು. ಅವಳು ತನಗೆ ಕಂಠವೇ ಇಲ್ಲವೆಂದೆಣಿಸಿ ಹಾಡುವದನ್ನೇ ಬಿಟ್ಟಾಳು. ಆದಕಾರಣ ತಾಯಿತಂದೆಗಳೂ ಪೂರ್ವವಿದ್ಯಾರ್ಥಿನಿಯರೂ ಈ ಕ್ರಮವನ್ನು ಅರಿತಿರಬೇಕೆಂದು ಬಯಸುತ್ತೇವೆ.

ಮೊದಲನೆಯದು ಗೇನ್, ಅಂದರೆ ಮೈಕಿನಿಂದ ಬರುವ ಕ್ಷೀಣ ಸಂಕೇತವನ್ನು ಬಲಪಡಿಸುವ ಗುಂಡಿ. ಹಾಡಿನ ಅತಿ ಗಟ್ಟಿಯಾದ ಸಾಲನ್ನು ಹಾಡಿಸಿ, ಧ್ವನಿಯು ಒಡೆಯದಷ್ಟಕ್ಕೆ ಇದನ್ನು ನಿಲ್ಲಿಸತಕ್ಕದ್ದು. ಇಲ್ಲಿ ಒಡೆದ ಧ್ವನಿಯನ್ನು ಮುಂದಿನ ಯಾವ ಗುಂಡಿಯೂ ಸರಿಪಡಿಸಲಾರದು. ಮೈಕು ತುಟಿಗೆ ಸುಮಾರು 3 ಅಂಗುಲ ದೂರದಲ್ಲಿರಲಿ. ಸ್ಪೀಕರಿಗೆ ಎದುರಾಗಿದ್ದರೆ ಕಿರಿಚುವದು.

ಎರಡನೆಯದು ಈಕ್ವಲೈಜರ್. ಇದರಲ್ಲಿ ಮಂದ್ರಭಾಗವನ್ನು ತುಸು ತಗ್ಗಿಸಿದರೆ ಗುಂಯ್‌ಗುಡುವದು ಕಡಿಮೆಯಾಗಿ ಅಕ್ಷರಗಳು ಸ್ಪಷ್ಟವಾಗುವವು. ಮೂರನೆಯದಾದ ಕಂಪ್ರೆಸರ್ ಗಟ್ಟಿಯಾದ ಭಾಗಗಳನ್ನು ತಗ್ಗಿಸುವದು. ಆಗ ಒಟ್ಟು ಧ್ವನಿಯನ್ನು ಏರಿಸಿ ಮೆಲುಸ್ವರಗಳನ್ನೂ ಕೇಳಿಸಬಹುದು.

ಅಲಂಕಾರಗಳು ಕಡೆಗೆ. ರಿವರ್ಬ್ ಎಂಬುದು ದೊಡ್ಡ ಸಭಾಂಗಣದ ಅನುರಣನವನ್ನು ಕೂಡಿಸುವದು. ಮಿತಿಮೀರಿದರೆ ಒಂದು ಅಕ್ಷರವು ಮತ್ತೊಂದರ ಮೇಲೆ ಬೀಳುವದು. ಹಾರ್ಮನಿ ಎಂಬುದು ಹಾಡುವವಳ ಧ್ವನಿಯನ್ನೇ ಬೇರೆ ಶ್ರುತಿಗಳಿಗೆ ಏರಿಳಿಸಿ ಜೊತೆಧ್ವನಿಗಳನ್ನು ಹುಟ್ಟಿಸುವದು. ಅನೇಕ ವಾದ್ಯಗಳಲ್ಲಿ ಇದು ಎಡಗೈ ಹಿಡಿದ ಸ್ವರಮೇಳವನ್ನು ಅನುಸರಿಸುವದರಿಂದ, ಕೈ ತಪ್ಪಿದರೆ ಜೊತೆಧ್ವನಿಗಳೂ ತಪ್ಪುವವು.

ಕೊನೆಗೆ ಒಬ್ಬರನ್ನು ಹಿಂದಿನ ಬೆಂಚಿನಲ್ಲಿ ಕುಳ್ಳಿರಿಸಿ, ಹಾಡಿನ ಮಾತುಗಳನ್ನು ಹೇಳಿಸಿರಿ. ಅವು ತಿಳಿಯದಿದ್ದರೆ ಹುಡುಗಿಯನ್ನು ಗದರಿಸದೆ, ಮೊದಲು ಅಲಂಕಾರಗಳನ್ನು ತಗ್ಗಿಸಿರಿ.