ಇಡಮಲಕ್ಕುಡಿ: ಇಲ್ಲಿ ರೋಗಿಗಳಿಗೆ ಹೆಗಲೇ ಆಂಬ್ಯುಲೆನ್ಸ್!

ಕೇರಳದ ಮುನ್ನಾರ್ ಸಮೀಪದ ದಟ್ಟ ಕಾಡಿನೊಳಗಿರುವ ಇಡಮಲಕ್ಕುಡಿ, 2010ರಲ್ಲಿ ರಚನೆಯಾದ ರಾಜ್ಯದ ಮೊದಲ ಬುಡಕಟ್ಟು ಗ್ರಾಮ ಪಂಚಾಯಿತಿ. ಇಲ್ಲಿರುವವರು ಮುತುವಾನ್ ಸಮುದಾಯದವರು. ರಾಗಿ, ಏಲಕ್ಕಿ ಬೆಳೆಯುತ್ತಾರೆ.

ಆದರೆ ಊರು ಒಂದೇ ಕಡೆ ಇಲ್ಲ. ‘ಕುಡಿ’ ಎಂದು ಕರೆಯುವ ಇಪ್ಪತ್ತಕ್ಕೂ ಹೆಚ್ಚು ಹಾಡಿಗಳು ಬೆಟ್ಟಗಳಲ್ಲಿ ಚದುರಿವೆ. ಹಲವು ಕುಡಿಗಳಿಗೆ ಕಾಲುದಾರಿಯೇ ಗತಿ. ಆನೆ ಓಡಾಡುವ ಜಾಗವಾದ್ದರಿಂದ ಕತ್ತಲಾದ ಮೇಲೆ ನಡೆಯುವುದು ಅಪಾಯ. ಮಳೆಗಾಲದಲ್ಲಿ ಜೀಪ್ ಬರುವುದೂ ಕಷ್ಟ. ಕಾಯಿಲೆ ಬಿದ್ದವರನ್ನು, ಗರ್ಭಿಣಿಯರನ್ನು ಕೋಲಿಗೆ ಕಟ್ಟಿದ ಬಟ್ಟೆಯಲ್ಲಿ ಮಲಗಿಸಿ, ಹೆಗಲ ಮೇಲೆ ಹೊತ್ತು ಕಿಲೋಮೀಟರ್‌ಗಟ್ಟಲೆ ಸಾಗಿಸಬೇಕಾಗುತ್ತದೆ.

ಪಂಚಾಯಿತಿಯೇನೋ ಬಂತು. ಆದರೆ ಅದರ ಕಚೇರಿ ವರ್ಷಗಳ ಕಾಲ ನಡೆದದ್ದು ದೂರದ ದೇವಿಕುಳಂನಲ್ಲಿ. ಒಂದು ಸಹಿಗೂ ಕಾಡು ದಾಟಬೇಕಿತ್ತು. ಈಗ ರಸ್ತೆ ಕಾಮಗಾರಿ ಶುರುವಾಗಿದೆ. ಅದು ಕೊನೆಯ ಕುಡಿ ತಲುಪುವವರೆಗೆ ಹೆಗಲ ಭಾರ ಇಳಿಯದು.