ಕಿರಿದಾದ ಬಯಲು, ಹಿರಿದಾದ ಆಟ

ಬೆಂಗಳೂರಿನ ಸ್ಯಾಂಕಿ ರಸ್ತೆಯಲ್ಲಿ ಸಾಗುವವರಿಗೆ ಮರಗಳ ಮರೆಯಲ್ಲಿ ಹಸಿರು ಬಯಲೊಂದು ಗೋಚರಿಸುತ್ತದೆ. ಕಟ್ಟಡಗಳ ಇಕ್ಕಟ್ಟಿನ ನಡುವೆ ಇಷ್ಟು ತೆರಪು ಉಳಿದಿರುವುದೇ ಒಂದು ಸೋಜಿಗ. ಇದು ಬೆಂಗಳೂರು ಗಾಲ್ಫ್ ಕ್ಲಬ್ಬಿನ ಮೈದಾನ. ಕ್ಲಬ್ಬು ಸ್ಥಾಪನೆಯಾದುದು 1876ರಲ್ಲಿ. ಬ್ರಿಟನ್ನಿನ ಹೊರಗೆ ಹುಟ್ಟಿದ ಅತ್ಯಂತ ಹಳೆಯ ಗಾಲ್ಫ್ ಸಂಸ್ಥೆಗಳಲ್ಲಿ ಇದೂ ಒಂದು.

ಆ ವರ್ಷವನ್ನು ಕನ್ನಡ ನಾಡು ಬೇರೊಂದು ಕಾರಣಕ್ಕಾಗಿ ನೆನೆಯುತ್ತದೆ. ಅದು ಧಾತು ಸಂವತ್ಸರ. ಮಳೆ ಕೈಕೊಟ್ಟ ವರ್ಷ. ಮುಂದಿನೆರಡು ವರ್ಷಗಳಲ್ಲಿ ಬಳ್ಳಾರಿ ಸೀಮೆಯೂ ಮೈಸೂರು ಸಂಸ್ಥಾನವೂ ಭೀಕರ ಕ್ಷಾಮಕ್ಕೆ ತುತ್ತಾದವು. 1871ರಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ 42 ಲಕ್ಷದ ಆಸುಪಾಸಿಗೆ ಇಳಿಯಿತು. ದೊರೆಗಳ ಆಟವೂ ಪ್ರಜೆಗಳ ಹಸಿವೂ ಒಂದೇ ಪಂಚಾಂಗದಲ್ಲಿ ದಾಖಲಾದವು!

ಆಟದ ನಿಯಮವೇನೋ ಸರಳ. ಚಿಕ್ಕ ಚೆಂಡನ್ನು ದಾಂಡಿನಿಂದ ಹೊಡೆಯುತ್ತ, 4¼ ಅಂಗುಲ ಅಗಲದ ಕುಳಿಗೆ ಬೀಳಿಸಬೇಕು. ಹೀಗೆ ಹದಿನೆಂಟು ಕುಳಿಗಳು. ಯಾರ ಹೊಡೆತಗಳು ಕಡಮೆಯೋ ಅವರಿಗೆ ಗೆಲುವು. ಇಂಗ್ಲೆಂಡಿನಲ್ಲಿ ನೇಗಿಲಿಗೆ ಒಗ್ಗದ ಮರಳುನೆಲದ ‘ಹೀತ್’ ಬಯಲುಗಳು ಈ ಆಟಕ್ಕೆ ಹೆಸರುವಾಸಿ. ಅಲ್ಲಿ ಮಳೆಯ ನೀರು ಬೇಗನೆ ಇಂಗುತ್ತದೆ. ಗುರಿ ತಪ್ಪಿದ ಚೆಂಡನ್ನು ಕುರುಚಲು ಪೊದೆಗಳು ನುಂಗುತ್ತವೆ. ಬೆಂಗಳೂರಿನ ಬಯಲಿನಲ್ಲಿ ಆ ಪೊದೆಗಳ ಕೆಲಸವನ್ನು ಮರಗಳ ಸಾಲುಗಳೇ ವಹಿಸಿಕೊಂಡಿವೆ.

ದೊಡ್ಡ ಪಂದ್ಯಗಳ ಮೈದಾನಗಳು ಈಗ 7,000 ಗಜಗಳಷ್ಟು ಉದ್ದವಿರುತ್ತವೆ. ಬೆಂಗಳೂರು ಕ್ಲಬ್ಬಿನ ಬಯಲು ಅದಕ್ಕಿಂತ ಗಿಡ್ಡ. ಮೇಲಾಗಿ ಊರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ತೆಳುಗಾಳಿಯಲ್ಲಿ ಚೆಂಡು ತುಸು ಹೆಚ್ಚು ದೂರ ಹಾರುತ್ತದೆ. ಹಾಗಾದರೆ ಆಟ ಸುಲಭವೆ? ಅಲ್ಲ. ಮರಗಳ ನಡುವಿನ ದಾರಿ ಕಿರಿದು. ತೋಳ್ಬಲವನ್ನೇ ನೆಚ್ಚಿ ಬೀಸಿದವನ ಚೆಂಡು ಮರದ ಬುಡ ಸೇರುತ್ತದೆ; ಅಳತೆಯರಿತು ಹೊಡೆದವನದು ಕುಳಿಯ ಬಳಿ ನಿಲ್ಲುತ್ತದೆ. ಇನ್ನೂರು ಗಜ ಹಾರಿದ ಹೊಡೆತವೂ ಒಂದೇ, ಗೇಣುದ್ದ ಉರುಳಿದ ಹೊಡೆತವೂ ಒಂದೇ. ಲೆಕ್ಕದಲ್ಲಿ ಎರಡಕ್ಕೂ ಸಮಾನ ಬೆಲೆ. ಕಿರಿಯ ಬಯಲು ಈ ಸತ್ಯವನ್ನು ಹಿರಿಯ ಬಯಲಿಗಿಂತ ಬೇಗ ಮನಗಾಣಿಸುತ್ತದೆ.

ಇದಕ್ಕೆ ಬೆಂಗಳೂರಿನ ಮಗಳೇ ಸಾಕ್ಷಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಅದಿತಿ ಅಶೋಕ್ ದೂರ ಹೊಡೆಯುವುದರಲ್ಲಿ ಹಿಂದಿದ್ದರೂ, ಕುಳಿಯ ಬಳಿಯ ಕಿರುಹೊಡೆತಗಳ ಜಾಣ್ಮೆಯಿಂದ ಘಟಾನುಘಟಿಗಳನ್ನು ಮೀರಿಸಿ ನಾಲ್ಕನೆಯವರಾದರು. ಕಂಚಿನ ಪದಕ ಕೈತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಗಾಲ್ಫ್ ಎಂದರೆ ಏನೆಂದರಿಯದ ಮನೆಗಳಲ್ಲೂ ಅಂದು ಜನ ಉಸಿರು ಬಿಗಿಹಿಡಿದು ಆಟ ನೋಡಿದರು. ಒಂದು ಕಾಲಕ್ಕೆ ಆಳುವವರ ವಿನೋದವಾಗಿದ್ದ ಆಟ, ಆ ಒಂದು ಮುಂಜಾನೆಯ ಮಟ್ಟಿಗಾದರೂ, ಎಲ್ಲರದಾಯಿತು.